ನಿನ್ನಮ್ಮನ ಆರೂವರೆ

ಹಾಲ್ವೀಕೆನ್, ಯೆಮ್ಟ್‌ಲಾಂಡ್
ಭಾನುವಾರ, ಸೆಪ್ಟೆಂಬರ್ 28

ಪ್ರೀತಿಯ ಇಲ್ವಾ ಪುಟ್ಟಿ,

ಹೇಗಿದ್ದೀಯ? ಬಲಭುಜದ ನೋವು ಇಳಿಯಿತೇ? ದಿನವಿಡೀ ಟ್ರಾಮ್ ಓಡಿಸುತ್ತ ಹಿಡಿಯ ಮೇಲೆ ಕೈಯಿಟ್ಟು ಕೂತರೆ ಭುಜ ನೋಯದೆ ಇನ್ನೇನಾಗುತ್ತದೆ. ಮಲಗುವಾಗ ಬಿಸಿನೀರಿನ ಶಾಖ ಕೊಟ್ಟುಕೋ. ಬೆಳಗಿನ ಪಾಳಿ ಇದ್ದ ದಿನ ಬರೀ ಕಾಫಿ ಕುಡಿದು ಓಡಬೇಡ. ನಾನು ಚೆನ್ನಾಗಿದ್ದೇನೆ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ರಕ್ತದೊತ್ತಡ ಹುಡುಗನದ್ದರ ಹಾಗಿದೆ ಎಂದು ಆರೋಗ್ಯ ಕೇಂದ್ರದ ನರ್ಸ್ ಹೊಗಳಿ ಕಳಿಸಿದಳು. ನಿನ್ನಮ್ಮ ಹೋದ ಮೇಲೆ ನಾನು ಹಾಸಿಗೆ ಹಿಡಿಯುತ್ತೇನೆ ಎಂದು ಊರವರೆಲ್ಲ ಕಾದುಕೊಂಡಿದ್ದರು. ಪಾಪ, ಅವರಿಗೆ ಸ್ವಲ್ಪ ನಿರಾಸೆಯೇ ಆಗಿರಬೇಕು. ನಿನಗೆ ಮುಚ್ಚುಮರೆಯೇನು, ನನಗೆ ದುಃಖವೂ ಆಗುತ್ತಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿ ಮರಗಟ್ಟಿಸುತ್ತಾರಲ್ಲ, ಆಗ ದವಡೆ ನಮ್ಮದೋ ಪಕ್ಕದವರದ್ದೋ ಗೊತ್ತಾಗುವುದಿಲ್ಲ. ಮಾರ್ಚ್ ತಿಂಗಳಿಂದ ನಾನು ಪೂರ್ತಿ ಹಾಗೇ ಇದ್ದೇನೆ. ಬೆಳಿಗ್ಗೆ ಏಳುತ್ತೇನೆ, ತೆಸ್ಸಾಳಿಗೆ ಅನ್ನ ಹಾಕುತ್ತೇನೆ, ಒಲೆಗೆ ಸೌದೆ ಒಡೆಯುತ್ತೇನೆ. ತೆಸ್ಸಾ ಮಾತ್ರ ಈಗಲೂ ಸಂಜೆ ಹೊತ್ತು ಬಾಗಿಲ ಬಳಿ ಹೋಗಿ ಮಲಗುತ್ತಾಳೆ. ನಾಯಿಗಿರುವ ಬುದ್ಧಿ ನನಗಿಲ್ಲ.

ಫೋನ್ ಮಾಡುವ ಬದಲು ಕಾಗದ ಬರೆಯುತ್ತಿದ್ದಾನಲ್ಲ ಮುದುಕ ಎಂದು ನಗಬೇಡ. ಫೋನಿನಲ್ಲಿ ನಾವಿಬ್ಬರೂ ಮಳೆ, ಚಳಿ ಬಿಟ್ಟು ಬೇರೆ ಮಾತಾಡಿದ್ದು ಯಾವಾಗ ಹೇಳು. ಆಗಸ್ಟಿನಲ್ಲಿ ಒಂದೇ ಒಂದು ಸಲ ನಿನ್ನಮ್ಮನ ಕೋವಿಯ ಮಾತು ಬಂತು. ನೀನು, "ಆ ಹಳೇ ತೋಟೆಗೆ ಈಗ ಯಾರಪ್ಪಾ ದುಡ್ಡು ಹಾಕ್ತಾರೆ? ಮಾರಿಬಿಡು ಅತ್ಲಾಗೆ" ಅಂದೆ. ನಾನು "ಹ್ಞೂಂ" ಅಂದೆ. ಆಮೇಲೆ ಗೋಥೆನ್‌ಬರ್ಗಿನ ಮಳೆಯ ವಿಷಯ ಮಾತಾಡಿದೆವು. ಈಗ ವಿಷಯ ಅಷ್ಟಕ್ಕೆ ನಿಲ್ಲುವಂತಿಲ್ಲ. ಸತ್ತವರ ಕೋವಿಯನ್ನು ಮನೆಯಲ್ಲಿ ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂಬುದು ನಿನಗೂ ಗೊತ್ತು. ಅಷ್ಟರೊಳಗೆ ಯಾರಾದರೂ ತಮ್ಮ ಹೆಸರಿಗೆ ಪರವಾನಗಿ ಮಾಡಿಸಿಕೊಳ್ಳಬೇಕು, ಇಲ್ಲವೇ ಮಾರಬೇಕು, ಇಲ್ಲವೇ ಪೊಲೀಸರಿಗೆ ಒಪ್ಪಿಸಬೇಕು. ನಮ್ಮ ಬೇಟೆ ತಂಡದ ಹಿರಿಯ ಏಲೋಫನ ಅಳಿಯ ಪತ್ರಿಕ್ ಇದ್ದಾನಲ್ಲ, ಅವನು ಕೇಳುತ್ತಿದ್ದಾನೆ. ಅಕ್ಟೋಬರ್ ಎರಡನೇ ವಾರ ಬೇಟೆ ತಂಡದ ಸಭೆ. ಬರೀ ಕೋವಿಯ ಮಾತಾಗಿದ್ದರೆ ಇಷ್ಟು ಕೊರೆಯುತ್ತಿರಲಿಲ್ಲ. ತೊರೆಯ ತಿರುವಿನಲ್ಲಿ, ಎಲ್ಕ್ ಜಿಂಕೆ ಹಾಯುವ ದಾರಿ ಕಾದು ನಿನ್ನಮ್ಮ ನಿಲ್ಲುತ್ತಿದ್ದ ಜಾಗ, ಆ ಬಿಲ್ಲು ಇದೆಯಲ್ಲ, ಅದೂ ಸಭೆಯಲ್ಲಿ ಬರುತ್ತದೆ. ನಮ್ಮ ಮನೆಯಿಂದ ಈಡು ಹೊಡೆಯುವವರು ಇದ್ದಾರೆ ಎಂದರೆ ಬಿಲ್ಲು ನಮ್ಮದೇ. ಇಲ್ಲ ಎಂದರೆ ಅದೂ ಪತ್ರಿಕನಿಗೆ ಹೋಗುತ್ತದೆ. ನೀನು ಹದಿನೆಂಟಕ್ಕೇ ಬೇಟೆ ಪರೀಕ್ಷೆ ಪಾಸು ಮಾಡಿದವಳು, ಎರಡು ವರ್ಷ ಅಮ್ಮನ ಪಕ್ಕದಲ್ಲಿ ಅದೇ ಬಿಲ್ಲಿಗೆ ನಿಂತವಳು, ಪರವಾನಗಿ ನಿನಗೆ ಸಿಗುತ್ತದೆ. ಬೇಕೋ ಬೇಡವೋ ಅಷ್ಟು ಹೇಳು. ಸಭೆಗೆ ಮುಂಚೆ ಹೇಳು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಊರೆಲ್ಲ ಸುತ್ತಿದೆ. ಆ ಹಳೇ ತೋಟೆ ಈಗಲೂ ಕೊಳ್ಳಲು ಲಾಯಕ್ಕೋ ಅಲ್ಲವೋ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಬೇರೆ ಕೆಲಸವೂ ಇರಲಿಲ್ಲ ಅನ್ನು. ಮೊದಲು ಪೇಟೆಗೆ ಹೋಗಿ ಮೈ-ಬ್ರಿಟ್‌ಳ ಕೋವಿ ಅಂಗಡಿಯಲ್ಲಿ ವಿಚಾರಿಸಿದೆ. ಅವಳು ಕನ್ನಡಕದ ಮೇಲಿಂದ ನೋಡಿ, "ರೂನಣ್ಣ, ನಿಮ್ಮ ಹತ್ರ ಪರವಾನಗಿ ಇಲ್ಲ. ನಾನು ನಿಮಗೆ ಒಂದು ತೋಟೆನೂ ಕೊಡೋ ಹಾಗಿಲ್ಲ" ಅಂದಳು. ಕೊಳ್ಳುವುದಕ್ಕಲ್ಲ ಮಾರಾಯ್ತಿ, ಕೇಳುವುದಕ್ಕೆ ಬಂದೆ ಅಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಿತ್ತು ನನ್ನ ಕಥೆ. ಆದರೂ ಪಾಪ, ಕಾಫಿ ಕೊಟ್ಟು ಕೂರಿಸಿ ಹೇಳಿದಳು. ನಿನ್ನಮ್ಮನ ಕೋವಿಗೆ ಹಾಕುವ ಆರೂವರೆ ಮಿಲಿಮೀಟರ್ ತೋಟೆಯನ್ನು ಜನ ಈಗಲೂ ಒಯ್ಯುತ್ತಾರಂತೆ. ಸೀಸದ್ದೂ ಇದೆ, ಸೀಸ ಬೇಡ ಅನ್ನುವವರಿಗೆ ತಾಮ್ರದ್ದೂ ಇದೆ. ಹೊಸ ಹೊಸ ತೋಟೆಗಳು ಬರುತ್ತವೆ, ಪತ್ರಿಕೆಯಲ್ಲಿ ಬಣ್ಣದ ಚಿತ್ರ ಬರುತ್ತದೆ, ಹುಡುಗರು ಮುಗಿಬೀಳುತ್ತಾರೆ, ಆಮೇಲೆ ಆ ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸುತ್ತಾರೆ. "ಆಗ ಆ ಹುಡುಗ್ರು ಇಲ್ಲಿ ಬಂದು ನನ್ನ ಮೇಲೆ ರೇಗ್ತಾರೆ. ಆರೂವರೆಯವರು ಯಾರೂ ಇವತ್ತಿನವರೆಗೆ ನನ್ನ ಮೇಲೆ ರೇಗಿಲ್ಲ" ಅಂದಳು. ನನಗೆ ಅದು ಸಾಕಷ್ಟು ಒಳ್ಳೆಯ ಉತ್ತರ ಎನ್ನಿಸಿತು.

ಪತ್ರಿಕನ ವಾದ ಬೇರೆ. ಅವನು ಕೆಟ್ಟವನಲ್ಲ, ತಿಳಿ. ಸ್ವಂತ ಅಪ್ಪನ ಅಂತ್ಯಕ್ರಿಯೆಗೆ ಬರುವ ಹಾಗೆ ನಿನ್ನಮ್ಮನ ಅಂತ್ಯಕ್ರಿಯೆಗೆ ಬಂದಿದ್ದ, ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಆದರೆ ಕೋವಿಯ ಮಾತು ಬಂದರೆ ಅವನನ್ನು ಹಿಡಿಯುವವರಿಲ್ಲ. ತಂಡದವರೆಲ್ಲ ಕೂತಿದ್ದಾಗ ಮೊಬೈಲಿನಲ್ಲಿ ತೋಟೆ ಹಾರುವ ಗೆರೆಗಳನ್ನು ತೋರಿಸಿ, "ನೋಡಿ ಮಾಮ, ಹೊಸ ತೋಟೆ ಮುನ್ನೂರು ಮೀಟರಲ್ಲಿ ಇಷ್ಟೇ ಕೆಳಗಿಳಿಯುತ್ತೆ, ನಿಮ್ಮದು ಇಷ್ಟು" ಅಂದ. ಮುನ್ನೂರು ಮೀಟರ್ ದೂರ ಕಣ್ಣಿಗೆ ಕಾಣಬೇಕಾದರೆ ನಮ್ಮ ಕಾಡಿನಲ್ಲಿ ಮೊದಲು ಮರ ಕಡಿಯಬೇಕಲ್ಲಪ್ಪ ಅಂದೆ. ನಕ್ಕುಬಿಟ್ಟ. ಅವನಿಗೆ ಬೇಕಾಗಿರುವುದು ಕೋವಿಯ ಒಳಗಿನ ಯಂತ್ರ, ಮರದ ಹಿಡಿ. ನಳಿಗೆ ಬದಲಿಸಿ ಹೊಸ ತೋಟೆಗೆ ಹೊಂದಿಸಿಕೊಳ್ಳುತ್ತಾನಂತೆ. ಪಕ್ಕದಲ್ಲೇ ಕೂತಿದ್ದ ಏಲೋಫ್ ಬಾಯಿಂದ ಪೈಪು ತೆಗೆದ. "ಹೋದ ವರ್ಷ ಹೊಸ ಕೋವಿಲಿ ಎರಡು ಸಲ ಗುರಿ ತಪ್ಪಿಸಿದವನು ನೀನೇ ಅಲ್ವೇನಯ್ಯ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಅಳಿಯನಿಗೆ ಮುಖ ಕೆಂಪಾಯಿತು. ಅಳಿಯನನ್ನು ಅಷ್ಟು ಮಂದಿಯ ಮುಂದೆ ಹಾಗೆ ಅನ್ನಬಾರದಿತ್ತು. ಆದರೆ ಏಲೋಫ್ ಎಂಬತ್ತು ದಾಟಿದವನು, ನಿನ್ನ ತಾತನ ಜೊತೆ ಬಿಲ್ಲಿಗೆ ನಿಂತವನು, ಅವನ ಬಾಯಿಗೆ ಬೀಗ ಹಾಕುವವರು ಯಾರು.

ನಿನ್ನಮ್ಮನಿಗೆ ಆ ತೋಟೆ ಯಾಕೆ ಇಷ್ಟವಾಗಿತ್ತು ಎಂದು ನಾನು ಒಮ್ಮೆ ಕೇಳಿದ್ದೆ, ಮದುವೆಯಾದ ಹೊಸದರಲ್ಲಿ. "ಭುಜಕ್ಕೆ ಒದೆಯಲ್ಲ, ಎಲ್ಕ್ ಬೀಳುತ್ತೆ. ಇನ್ನೇನು ಬೇಕು" ಅಂದಿದ್ದಳು. ಅವಳ ಅಪ್ಪ ಕೊಟ್ಟ ಕೋವಿ ಅದು. ನಾನು ಆ ಮನೆಗೆ ಅಳಿಯನಾಗಿ ಬಂದಾಗ ನನ್ನ ಕೈಗೂ ಒಂದು ಕೋವಿ ಕೊಟ್ಟು ನೋಡಿದರು. ನಾನು ಗುಂಡು ಹಾರಿಸಲು ಕೋವಿಯ ಕುದುರೆ ಎಳೆಯುವಾಗ ಎರಡೂ ಕಣ್ಣು ಮುಚ್ಚುತ್ತಿದ್ದೆ. ನಿನ್ನ ತಾತ ಮರುಮಾತಾಡದೆ ಕೋವಿ ಕಿತ್ತುಕೊಂಡು ನಾಯಿಯ ಹಗ್ಗ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ನಾನು ನಾಯಿಯವನೇ. "ಬಾರ್ಬ್ರೋ ಹೊಡೀತಾಳೆ, ರೂನೆ ಎಳೀತಾನೆ" ಎಂದು ಊರವರು ಆಡಿಕೊಳ್ಳುತ್ತಿದ್ದರು. ನನಗೇನೂ ಬೇಸರವಾಗುತ್ತಿರಲಿಲ್ಲ, ನಿಜವನ್ನು ಹೇಳಿದರೆ ಬೇಸರ ಯಾಕೆ. ನಾಯಿಯನ್ನು ಬಿಟ್ಟು ಕಾಡೊಳಗೆ ಅದರ ಹಿಂದೆ ನಡೆಯುವವನಿಗೆ ಏನೂ ಕಾಣುವುದಿಲ್ಲ ಪುಟ್ಟಿ. ಬರೀ ಕೇಳುತ್ತದೆ. ನಾಯಿ ಬೊಗಳುತ್ತದೆ, ಬೊಗಳು ತೊರೆಯ ಕಡೆ ಸಾಗುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಒಂದೇ ಒಂದು ಈಡು. ಅವಳ ಕೋವಿಯ ಸದ್ದು ಬೇರೆಯವರದ್ದರ ಹಾಗಿರಲಿಲ್ಲ, ಸಣ್ಣದು, ಒಣಗಿದ ಕೊಂಬೆ ಮುರಿದ ಹಾಗೆ. ಎರಡನೇ ಈಡು ಬಹುತೇಕ ಇರುತ್ತಲೇ ಇರಲಿಲ್ಲ. ನಾನು ಅಲ್ಲೇ ಮರದ ಬುಡಕ್ಕೆ ಒರಗಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದು ಆಮೇಲೆ ಹೋಗುತ್ತಿದ್ದೆ. ಅವಳಿಗೂ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕೆನ್ನಿಸುತ್ತಿತ್ತು.

ಈ ವರ್ಷದ ಬೇಟೆಯ ಸುದ್ದಿ ಹೇಳಬೇಕು. ಮೊದಲ ಸೋಮವಾರ ಎಂದಿನಂತೆ ಎಲ್ಲರೂ ಮಾಂಸ ಕಡಿಯುವ ಮನೆಯ ಮುಂದೆ ಸೇರಿದೆವು. ನಿನ್ನಮ್ಮನ ಬಿಲ್ಲನ್ನು ಈ ಒಂದು ವರ್ಷ ಖಾಲಿ ಬಿಡೋಣ ಎಂದು ಏಲೋಫ್ ಹೇಳಿದ, ಎಲ್ಲರೂ ಟೋಪಿ ತೆಗೆದು ತಲೆಯಾಡಿಸಿದರು. ನಾನೂ ಆಡಿಸಿದೆ. ಮರುದಿನ ಬೆಳಿಗ್ಗೆ ತೆಸ್ಸಾ ಒಂದು ದೊಡ್ಡ ಗಂಡು ಎಲ್ಕ್ ಅನ್ನು ಎಬ್ಬಿಸಿದಳು. ಅವಳಿಗೆ ಖಾಲಿ ಬಿಲ್ಲಿನ ಲೆಕ್ಕವೆಲ್ಲ ಗೊತ್ತೇ? ಕಲಿತ ದಾರಿ ಹಿಡಿದು ಅದನ್ನು ಸೀದಾ ತೊರೆಯ ತಿರುವಿಗೆ ಅಟ್ಟಿಕೊಂಡು ಹೋದಳು. ನಾನು ಹಿಂದೆ ಕೆಸರಿನಲ್ಲಿ ನಿಂತು ಕೇಳುತ್ತಿದ್ದೆ. ಬೊಗಳು ತೊರೆಯ ಹತ್ತಿರ ಹೋಯಿತು. ನಿಂತಿತು. ನಾನು ಬುಡಕ್ಕೆ ಒರಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ, ನೋಡು. ಕಾಫಿಯನ್ನೂ ಬಗ್ಗಿಸಿಕೊಂಡೆ. ಈಡು ಕೇಳಲಿಲ್ಲ. ಬೊಗಳು ಮತ್ತೆ ಶುರುವಾಗಿ ತೊರೆ ದಾಟಿ ಗುಡ್ಡದಾಚೆ ಹೋಗಿ ಮಾಯವಾಯಿತು. ನಾನು ಕಾಫಿ ಹಿಡಿದುಕೊಂಡು ಕಾಯುತ್ತಲೇ ಇದ್ದೆ. ಯಾಕೆ ಕಾಯುತ್ತಿದ್ದೇನೆ ಎಂದು ನನಗೆ ಹೊಳೆಯುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ಆಗಲೂ ಏನೂ ಅನ್ನಿಸಲಿಲ್ಲ. ಚೆಲ್ಲಿ, ನಾಯಿಯನ್ನು ಹುಡುಕಿಕೊಂಡು ಹೋದೆ. ಸಿಕ್ಕಿದ್ದು ಮಧ್ಯಾಹ್ನಕ್ಕೆ, ನಾಲಿಗೆ ಹೊರಗೆ ಹಾಕಿಕೊಂಡು ನನ್ನನ್ನು ಬೈಯುವ ಹಾಗೆ ನೋಡಿದಳು.

ವಾರದ ಕೊನೆಗೆ ಬೇರೆ ಬಿಲ್ಲುಗಳಿಂದ ಒಂದು ಹೆಣ್ಣೂ ಎರಡು ಕರುವೂ ಬೇಟೆಯಾದವು. ಶನಿವಾರ ಮಾಂಸ ಹಂಚಿದೆವು. ನೀನು ನೋಡಿ ವರ್ಷಗಳಾದವು, ಆದರೆ ಏನೂ ಬದಲಾಗಿಲ್ಲ. ಉದ್ದ ಮೇಜಿನ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ, ಏಲೋಫ್ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ, ಇನ್ನೊಬ್ಬರು ಕೋಲಿನಿಂದ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ" ಅನ್ನುತ್ತಾರೆ, ಏಲೋಫ್ ತಿರುಗಿ ನೋಡದೆ ಬಾಯಿಗೆ ಬಂದ ಹೆಸರು ಕೂಗುತ್ತಾನೆ. ಒಳ್ಳೆಯ ತುಂಡು ನನಗೆ ಬರಲಿಲ್ಲ ಎಂದು ಯಾರೂ ಯಾರನ್ನೂ ದೂರುವ ಹಾಗಿಲ್ಲ. ಈ ಸಲ ಕೋಲು ಹಿಡಿದವನು ಪತ್ರಿಕ್. ನಮ್ಮ ಮನೆಯ ಗುಡ್ಡೆಗೆ ಈ ವರ್ಷ ನನ್ನ ಹೆಸರು ಎಂದು ಮೊದಲೇ ಮಾತಾಗಿತ್ತು. "ರೂನೆ" ಎಂದು ಎರಡನೆಯದಕ್ಕೋ ಮೂರನೆಯದಕ್ಕೋ ಕೂಗಿದ, ನಾನು ಹೋಗಿ ಬಟ್ಟಲಿಗೆ ತುಂಬಿಕೊಂಡೆ. ಹೀಗೇ ಸಾಗಿ ಕೊನೆಯ ಹತ್ತಿರ ಬಂದಾಗ ಪತ್ರಿಕ್ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ" ಅಂದ. ಗೋಡೆಯ ಕಡೆಯಿಂದ ಏಲೋಫ್ "ಬಾರ್ಬ್ರೋ" ಅಂದ.

ಏಲೋಫನಿಗೆ ತಾನೇನು ಅಂದೆ ಎಂಬುದು ಗೊತ್ತೇ ಆಗಿರಲಿಲ್ಲ. ನಲವತ್ತು ವರ್ಷ ಕೂಗಿದ ಹೆಸರಲ್ಲವೇ, ನಾಲಿಗೆ ತನ್ನಷ್ಟಕ್ಕೆ ಕೂಗಿತ್ತು. ಪತ್ರಿಕನ ಕೋಲು ಆ ಗುಡ್ಡೆಯ ಮೇಲೇ ನಿಂತಿತ್ತು. "ಮುಂದಕ್ಕೆ ನಡಿಯಯ್ಯ, ನಿದ್ದೆ ಬಂತಾ" ಎಂದು ಏಲೋಫ್ ಗೋಡೆಗೇ ಗದರಿದ. ಪತ್ರಿಕ್ ಮುಂದುವರಿಸಿದ. ಎಲ್ಲ ಮುಗಿದು ಏಲೋಫ್ ತಿರುಗಿ ನೋಡಿದರೆ ಅವನ ಹೆಸರಿಗೆ ಗುಡ್ಡೆ ಉಳಿದಿರಲಿಲ್ಲ. ತನ್ನ ಹೆಸರು ಕೂಗಬೇಕಾದಲ್ಲಿ ಅವಳ ಹೆಸರು ಕೂಗಿದ್ದ. ಪತ್ರಿಕನ ಹೆಂಡತಿ ಮೆಲ್ಲಗೆ ಹೇಳಿದಳು. ಮುದುಕ ಮೇಜಿನ ಅಂಚು ಹಿಡಿದುಕೊಂಡ. ನಾನು ಆ ಗುಡ್ಡೆಯನ್ನು ಅವನ ಕಡೆ ತಳ್ಳಿದೆ. "ಕೂಗಿದ್ದು ಕೂಗಾಯ್ತು ರೂನೆ. ಹಿಂದಕ್ಕೆ ತಗೊಳ್ಳೋ ಪದ್ಧತಿ ಇಲ್ಲ" ಅಂದ. ಅರ್ಧವಾದರೂ ತೆಗೆದುಕೋ ಅಂದೆ. "ಅವಳ ಪಾಲು ಕಿತ್ಕೊಂಡು ತಿನ್ನೋ ಅಷ್ಟು ಹಸಿವು ನಂಗಿಲ್ಲ ಕಣೋ. ಎತ್ಕೊಂಡು ಹೋಗು" ಅಂದ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಳಬೇಕಿತ್ತು ಅಂತ ಕಾಣುತ್ತದೆ. ಎರಡು ಬಟ್ಟಲು ಹಿಡಿದುಕೊಂಡು ನಿಂತವನಿಗೆ ಹೊಳೆದದ್ದು, ಫ್ರೀಜರಿನಲ್ಲಿ ಇಷ್ಟಕ್ಕೆ ಜಾಗ ಎಲ್ಲಿದೆ ಎಂಬುದು ಮಾತ್ರ. ಮನೆಗೆ ಬಂದು ಮೀನನ್ನು ಆಚೆ ತೆಗೆದು ಜಾಗ ಮಾಡಿದೆ. ಆ ವಾರ ಪೂರ್ತಿ ಮೀನು, ಆಲೂಗಡ್ಡೆ ತಿಂದೆ.

ಏಲೋಫ್ ಅದಾದ ಮೇಲೆ ಮನೆಯಿಂದ ಹೆಚ್ಚು ಹೊರಗೆ ಬರುತ್ತಿಲ್ಲ. ತನಗೆ ಅರಳುಮರಳು ಹಿಡಿಯಿತು ಎಂದು ಅವನಿಗೆ ಹೆದರಿಕೆ. ನಾನು ಹೋಗಿ ಎರಡು ಸಲ ಮಾತಾಡಿಸಿ ಬಂದೆ. ಸಾಂತ್ವನ ಹೇಳುವುದಕ್ಕೆ ನನಗೂ ಬರುವುದಿಲ್ಲ, ಕೇಳಿಸಿಕೊಳ್ಳುವುದಕ್ಕೆ ಅವನಿಗೂ ಬರುವುದಿಲ್ಲ, ಇಸ್ಪೀಟಾಡಿದೆವು. ಅವನು ಮೋಸ ಮಾಡಿ ಗೆದ್ದ, ಹಾಗಾಗಿ ತಲೆ ಸರಿಯಾಗೇ ಇದೆ ಎಂದು ನಾನು ಅವನ ಮಗಳಿಗೆ ಹೇಳಿ ಬಂದೆ.

ಇಷ್ಟೆಲ್ಲ ಕೇಳಿ ತಿಳಿದ ಮೇಲೆ ನಿನ್ನ ಪ್ರಶ್ನೆಗೆ ಉತ್ತರ ಇದು: ತೋಟೆ ಲಾಯಕ್ಕಾಗಿದೆ. ಹಳೆಯದು, ನಿಜ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಮ್ಮ ಕಾಡಿಗೆ ಸಾಕು, ನಿನ್ನಂಥ ನೋವಿನ ಭುಜಕ್ಕೆ ಒದೆಯುವುದಿಲ್ಲ. ಹಾಗೆಂದು ನಿನಗೆ ಬೇಡದಿದ್ದರೆ ಬೇಡ. ನಿನಗೆ ಅಲ್ಲಿ ಕೆಲಸವಿದೆ, ಸೆಪ್ಟೆಂಬರಿನಲ್ಲಿ ರಜೆ ಕೇಳುವುದು ಸುಲಭವಲ್ಲ ಎಂದು ನನಗೆ ಗೊತ್ತು. ಪತ್ರಿಕ್ ಕೋವಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಇಟ್ಟುಕೊಂಡರೂ ಸರಿ, ಕೊಟ್ಟರೂ ಸರಿ, ನನಗೆ ಎರಡೂ ಒಂದೇ. ನಿಜವಾಗಿ ಏನೂ ಅನ್ನಿಸುವುದಿಲ್ಲ.

ಚಳಿಗಾಲದ ಟೈರು ಈಗಲೇ ಹಾಕಿಸಿಬಿಡು, ಹಿಮ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಓಡುತ್ತಾರೆ. ನಿನ್ನ ಜೊತೆಯಿರುವ ಆ ಪೋಲೆಂಡಿನ ಹುಡುಗನಿಗೆ ನಾನು ಕೇಳಿದೆ ಎಂದು ಹೇಳು. ಅವನ ಹೆಸರು ಕೂಗಲು ಕಲಿತಿದ್ದೇನೆ, ಬರೆಯಲು ಇನ್ನೂ ಧೈರ್ಯ ಬಂದಿಲ್ಲ. ದೇವರು ನಿಮ್ಮಿಬ್ಬರ ಮೇಲೂ ಒಂದು ಕಣ್ಣಿಟ್ಟಿರಲಿ, ನಿನ್ನ ಟ್ರಾಮಿಗೆ ಯಾರೂ ಅಡ್ಡ ಬಾರದಿರಲಿ. ತೆಸ್ಸಾಳ ಮೂಗಿನ ಒದ್ದೆ ಮುತ್ತು.

ನಿನ್ನ ಅಪ್ಪ,
ರೂನೆ

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ಪತ್ರಿಕ್ ಬಂದ. ಸಭೆಯವರೆಗೆ ಕಾಯಲು ಮನಸ್ಸು ತಡೆಯಲಿಲ್ಲವಂತೆ, ಕೋವಿಯನ್ನು ಒಮ್ಮೆ ನೋಡುತ್ತೇನೆ ಅಂದ. ತೆಗೆದು ಕೊಟ್ಟೆ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ, "ಇದೊಂದು ಕಿತ್ತೆಸೆದ್ರೆ ಉಳಿದಿದ್ದೆಲ್ಲ ಗಟ್ಟಿಯಾಗಿದೆ ಮಾಮ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನಾನು ಕೋವಿಯನ್ನು ಅವನ ಕೈಯಿಂದ ತೆಗೆದುಕೊಂಡೆ. "ಇಲ್ವಾ ಅರ್ಜಿ ಹಾಕಿಯಾಯ್ತು ಕಣಪ್ಪ. ಮುಂದಿನ ವರ್ಷ ಅವಳೇ ಬಿಲ್ಲಿಗೆ ನಿಲ್ತಾಳೆ" ಅಂದುಬಿಟ್ಟೆ. ಯೋಚಿಸಿ ಅಂದದ್ದಲ್ಲ. ಅವನು ಕೈ ಕುಲುಕಿ, ಸಂತೋಷ ಮಾಮ ಎಂದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಗಂಟೆಯೊಳಗೆ ಏಲೋಫನ ಫೋನು. "ಹುಡುಗಿ ಬರ್ತಾಳಂತೆ. ಮುಂದಿನ ಸಲ ಅವಳ ಹೆಸರು ಕೂಗ್ತೀನಿ ಕಣೋ, ತಪ್ಪಲ್ಲ" ಅಂದ. ಆಚೆಯಿಂದ ಅಳುವುದು ಕೇಳಿಸಿತು. ನಾನೂ ಅತ್ತೆ ಪುಟ್ಟಿ. ಫೋನ್ ಇಟ್ಟ ಮೇಲೂ ನಿಲ್ಲಲಿಲ್ಲ, ಈಗಲೂ ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಎರಡೂ ಒಂದೇ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕು. ಒಂದೇ ಅಲ್ಲ. ಅರ್ಜಿ ಹಾಕು, ಬಾ. ಆಗುವುದೇ ಇಲ್ಲ ಎಂದಾದರೆ ನಿನ್ನನ್ನು ಬೈಯುವುದಿಲ್ಲ, ಆದರೆ ಏಲೋಫನಿಗೆ ನೀನೇ ಫೋನ್ ಮಾಡಿ ಹೇಳಬೇಕು. ನನ್ನಿಂದ ಆಗುವುದಿಲ್ಲ.